ಒಳ್ಳೆಯ ಮಾತು ಹೇಳಿಸಿದ ಬೇಸಿಗೆ

ಪುಟ್ಟಿ, ಚಿನ್ನು,

ಹೋದ ವಾರ ಫೋನು ಮಾಡಿದಾಗ ಪುಟ್ಟಿ, ನೀನು ಒಂದು ಮಾತು ಹೇಳಿದೆ. ನಿನ್ನನ್ನು ಕಾಲೇಜಿಗೆ ಸೇರಿಸಿಕೊಳ್ಳಲು ಮಾರ್ಕು ಮಾತ್ರ ಸಾಲದು, ನೀನು ಎಂಥ ಹುಡುಗಿ ಎಂದು ನಿಮ್ಮ ಸ್ಕೂಲಿನವರು ಒಂದು ಕಾಗದ ಬರೆದುಕೊಡಬೇಕು ಎಂದೆ. "ಇದೆಲ್ಲ ನಿಮ್ಮ ಕಾಲದಲ್ಲಿ ಎಲ್ಲಿತ್ತು ಅಜ್ಜಿ" ಎಂದೂ ಅಂದೆ. ಚಿನ್ನು ಪಕ್ಕದಲ್ಲಿ ನಗುತ್ತಿದ್ದ. ನಾನು ಹೂಂ ಎಂದು ಸುಮ್ಮನಾದೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ಅದು ನಿಮಗೂ ಗೊತ್ತು. ಎದುರಿಗೆ ಕೂತರೂ ಹೆಚ್ಚೇನೂ ಬರುವುದಿಲ್ಲ. ಬರೆಯುವುದಾದರೆ ಸ್ವಲ್ಪ ಬರುತ್ತದೆ.

ಅಂಥ ಕಾಗದ ನಮ್ಮ ತಾಳವಾಡಿಯಲ್ಲೂ ಇತ್ತು ಪುಟ್ಟಿ. ಅದನ್ನು ಬರೆಯುತ್ತಿದ್ದವರು ನಮ್ಮ ಮನೆಯಲ್ಲೇ ಇದ್ದರು. ನಾನೂ ಆ ಕೆಲಸಕ್ಕೆ ಕೆಲವು ವರ್ಷ ಜೊತೆಯಾಗಿದ್ದೆ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮಪ್ಪ ಇನ್ನೂ ತೊದಲು ಮಾತಾಡುವ ಮಗು. ಮನೆಯಲ್ಲಿ ನಾನು, ನನ್ನ ಅತ್ತೆ, ಮಗು. ಇದ್ದ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟು ನಾನು ಅವರಿವರ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಯಲು ಹೋಗುತ್ತಿದ್ದೆ. ಆಗ ನಮ್ಮ ಕಡೆ ಬಹಳ ಮನೆಗಳಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಬೀದಿಯ ಕಡೆಗಿದ್ದ ಕೋಣೆ ಖಾಲಿ ಬಿದ್ದಿತ್ತು. ಹೈಸ್ಕೂಲಿಗೆ ಬೆಟ್ಟದ ಕೆಳಗಿನ ಗೋಬಿ ಕಡೆಯಿಂದ ಒಬ್ಬ ಟೀಚರು ವರ್ಗವಾಗಿ ಬಂದರು. ಒಂಟಿ ಹೆಂಗಸು, ಮದುವೆಯಾಗಿರಲಿಲ್ಲ. ಅವರಿಗೆ ಮನೆ ಕೊಡಲು ಊರಿನವರು ಹಿಂದೆಮುಂದೆ ನೋಡುತ್ತಿದ್ದರು. ನನ್ನ ಅತ್ತೆ ಅವರನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, "ಗಂಡಸಿಲ್ಲದ ಮನಗ ಇನ್ನೊಬ್ಳು ಗಂಡಸಿಲ್ಲದೋಳು. ಬರ್ಲಿ ಬುಡು, ಜಗಳ ಇರಾಕಿಲ್ಲ," ಎಂದರು. ಹಾಗೆ ಟೀಚರು ನಮ್ಮ ಮನೆಗೆ ಬಂದರು.

ಅವರ ಮಾತು ತಮಿಳು. ನಮ್ಮ ಮಾತು ಕನ್ನಡ. ಎರಡೂ ಕಡೆಯವರಿಗೆ ಇನ್ನೊಂದು ಅರ್ಧಂಬರ್ಧ ಬರುತ್ತಿದ್ದರಿಂದ ಯಾವ ತೊಂದರೆಯೂ ಆಗಲಿಲ್ಲ. ಅವರು ನನ್ನನ್ನು ಅಕ್ಕಾ ಎನ್ನುತ್ತಿದ್ದರು, ವಯಸ್ಸಿನಲ್ಲಿ ನನಗಿಂತ ದೊಡ್ಡವರಾದರೂ. ಬೆಟ್ಟ ಇಳಿದು ತಮ್ಮ ಊರಿಗೆ ಹೋಗಿ ಬಂದಾಗಲೆಲ್ಲ ಕಾಫಿ ಪುಡಿ ತರುತ್ತಿದ್ದರು. ಕಾಡಿನ ನಡುವಿನ ಹಾಸನೂರು ದಾಟುವಾಗ ಆನೆ ಕಂಡಿತೋ ಇಲ್ಲವೋ ಎಂಬುದನ್ನು ಮೊದಲು ಹೇಳಿ, ಆಮೇಲೆ ಚೀಲ ಕೆಳಗಿಡುತ್ತಿದ್ದರು.

ಹತ್ತನೆಯ ಕ್ಲಾಸು ಮುಗಿಸಿದ ಮಕ್ಕಳು ಮುಂದೆ ಏನು ಓದಬೇಕು, ಎಲ್ಲಿ ಸೇರಬೇಕು ಎಂದು ದಾರಿ ಹೇಳುವ ಕೆಲಸವನ್ನು ಹೆಡ್ಮಾಸ್ಟರು ಈ ಟೀಚರಿಗೆ ವಹಿಸಿದರು. ಕನ್ನಡದಲ್ಲಿ ಓದಿದ ನಮ್ಮ ಮಕ್ಕಳು ಕಾಲೇಜಿಗೆ ಚಾಮರಾಜನಗರಕ್ಕೋ ಮೈಸೂರಿಗೋ ಹೋಗಬೇಕಿತ್ತು. ತಾಳವಾಡಿ ತಮಿಳುನಾಡಿಗೆ ಸೇರಿದ್ದರಿಂದ ಅಲ್ಲಿಯವರಿಗೆ ನಾವು ಬೇರೆ ರಾಜ್ಯದವರು. ಆದ್ದರಿಂದ ಸ್ಕೂಲಿನಿಂದ ಒಂದು ಕಾಗದ ಬೇಕೇ ಬೇಕಿತ್ತು. ಅಲ್ಲಿಯವರೆಗೆ ಆ ಕಾಗದದಲ್ಲಿ ಎಲ್ಲ ಮಕ್ಕಳಿಗೂ ಒಂದೇ ಸಾಲು, ನಡತೆ ಒಳ್ಳೆಯದು ಎಂದು. ಕೆಳಗೆ ಹೆಡ್ಮಾಸ್ಟರ ಸಹಿ ಮತ್ತು ಮೊಹರು.

ಆ ವರ್ಷ ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನವರು, ಬರೀ ಒಂದು ಸಾಲು ಸಾಲದು ಎಂದು ತಿಳಿಸಿದರು. ಅವರ ಹಾಸ್ಟೆಲಿನಲ್ಲಿ ಬಡ ಹುಡುಗಿಯರಿಗೆ ಊಟ, ಇರುವ ಜಾಗ ಎಲ್ಲ ಉಚಿತ. ಆದರೆ ಅಡುಗೆ, ಗುಡಿಸುವುದು, ನೀರು ಸೇದುವುದು ಎಲ್ಲವನ್ನೂ ಹುಡುಗಿಯರೇ ಸರದಿಯಂತೆ ಮಾಡಿಕೊಳ್ಳಬೇಕು. ಹುಡುಗಿ ಎಂಥವಳು, ಮನೆಯಲ್ಲಿ ಹೇಗಿದ್ದಾಳೆ, ದೂರದ ಊರಿನಲ್ಲಿ ಒಬ್ಬಳೇ ನಿಭಾಯಿಸುತ್ತಾಳೋ ಇಲ್ಲವೋ ಎಂದು ತಿಳಿದವರು ವಿವರವಾಗಿ ಬರೆಯಬೇಕು, ಆಮೇಲೆ ತಂದೆಯನ್ನೂ ಮಗಳನ್ನೂ ಕರೆಸಿ ಕೇಳುತ್ತೇವೆ ಎಂದಿದ್ದರು.

ಟೀಚರು ಯಾವುದನ್ನೂ ಊಹೆಯಿಂದ ಬರೆಯುವವರಲ್ಲ. ಮುಂದೆ ಓದಲು ಹೊರಟ ಮಕ್ಕಳ ಮನೆಗಳಿಗೆಲ್ಲ ಹೋಗಿ ಕೇಳಿಕೊಂಡು ಬರೆಯುತ್ತೇನೆ ಎಂದು ಹೊರಟರು. "ನೀವೂ ಬನ್ನಿ ಅಕ್ಕಾ, ನಿಮಗೆ ಎಲ್ಲ ಮನೆಯೂ ಗೊತ್ತಲ್ಲ," ಎಂದರು. ನನಗೆ ನಾಚಿಕೆ. ಆದರೂ ಸೆರಗು ಹೊದ್ದು ಅವರ ಹಿಂದೆ ಹೊರಟೆ. ದಾರಿ ತೋರಿಸುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ.

ಆ ವಾರದ ಕೊನೆಗೆ ಹೋದದ್ದು, ನಾನು ಸೊಪ್ಪು ಕುಯ್ಯಲು ಹೋಗುತ್ತಿದ್ದ ಮನೆಗೇ. ಗೆಟ್ಟವಾಡಿಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ಊರು ಅದು. ಸಣ್ಣ ಹಿಡುವಳಿ, ಒಬ್ಬಳೇ ಮಗಳು. ಮೈಸೂರಿನ ಹಾಸ್ಟೆಲಿಗೆ ಅರ್ಜಿ ಹಾಕಿದ್ದವಳು ಅವಳೇ. ಅಲ್ಲಿ ಜಾಗ ಸಿಕ್ಕರೆ ಓದು. ಸಿಗದಿದ್ದರೆ ಇಲ್ಲ. ದುಡ್ಡು ಕೊಟ್ಟು ಬೇರೆ ಕಡೆ ಇಡುವ ಶಕ್ತಿ ಅವರಿಗಿರಲಿಲ್ಲ. ಆ ಹುಡುಗಿಗೆ ಓದಿನ ಮೇಲೆ ಎಷ್ಟು ಆಸೆ ಎಂಬುದನ್ನು ನಾನು ತೋಟದಲ್ಲಿ ಕಂಡಿದ್ದೆ.

ಹುಡುಗಿಯ ಅಪ್ಪ ಜಗಲಿಯ ಮೇಲೆ ಚಾಪೆ ಹಾಸಿದರು. ಟೀಚರು ಕೂತು, ಮಗಳು ಮನೆಯಲ್ಲಿ ಹೇಗೆ ಎಂದು ಕೇಳಿದರು.

"ಅದ್ರ ಕತ ಏನ್ ಯೇಳದು ಟೀಚರ್," ಎಂದರು ಅವರು. "ಒಂದ್ ಲೋಟ ನೀರ್ ಕೊಡಕ್ ಬರದಿಲ್ಲ. ಎಬ್ಬುಸ್ದ್ರೂ ಏಳದಿಲ್ಲ. ಏನೋ ನಿಮ್ ಪುಣ್ಯ, ಪಾಸಾಗ್ಬುಟ್ಟದ."

ಬಾಗಿಲ ಹಿಂದಿನಿಂದ ತಾಯಿ ದನಿ ಸೇರಿಸಿದರು. "ತಿನ್ನದು, ಒರಗದು, ಅಷ್ಟೇಯ. ಪುಸ್ತಕ ಇಡುದ್ರ ತೂಕಡುಸ್ತಳ."

ಮನೆಯೊಳಗಿಂದ ಸೊಪ್ಪಿನ ವಾಸನೆ ಬರುತ್ತಿತ್ತು. ಹುಳು ಮೇಯುವ ಸದ್ದು ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತಿತ್ತು. ಟೀಚರು ಬೆಳೆ ಹೇಗಿದೆ ಎಂದು ವಿಚಾರಿಸಿದರು.

"ಉಳ ಎಲ್ಲಿ ಬಂತು ಟೀಚರ್. ಅರ್ದಕ್ಕರ್ದ ಸತ್ತೋದೋ. ಉಳ್ಕಂಡಿರವು ಗೂಡ್ ಕಟ್ತವೋ ಇಲ್ವೋ ಶಿವನೇ ಬಲ್ಲ."

ಅಷ್ಟರಲ್ಲಿ ಹುಡುಗಿ ಮಜ್ಜಿಗೆಯ ಲೋಟಗಳನ್ನು ತಂದಿಟ್ಟು ಒಳಗೆ ಹೋದಳು. ಅವಳ ಜಡೆಯಲ್ಲಿ ಸೊಪ್ಪಿನ ಚೂರು ಸಿಕ್ಕಿಕೊಂಡಿತ್ತು. ಟೀಚರು ಅವಳು ಹೋದ ಕಡೆಯೇ ನೋಡಿದರು.

ಮನೆಗೆ ಬಂದು ದೀಪ ಹಚ್ಚುವ ಹೊತ್ತಿಗೆ ಕಾಗದ ಬರೆದು ಮುಗಿಸಿದರು. ಇಂಗ್ಲಿಷಿನಲ್ಲಿ ಬರೆದದ್ದನ್ನು ನನಗಾಗಿ ತಮಿಳಿನಲ್ಲಿ ಓದಿ ಹೇಳಿದರು. ಹುಡುಗಿ ಗಣಿತದಲ್ಲಿ ಚುರುಕು. ಮನೆಗೆಲಸದ ಅಭ್ಯಾಸ ಇಲ್ಲವೆಂದು, ಬೆಳಗ್ಗೆ ಏಳುವುದು ಕಷ್ಟವೆಂದು ತಂದೆತಾಯಿಯೇ ಹೇಳುತ್ತಾರೆ. ಹಾಸ್ಟೆಲಿನವರು ತಾಳ್ಮೆಯಿಂದ ತಿದ್ದಿಕೊಳ್ಳಬೇಕು. ಈ ಸಲ ಆ ಮನೆಯ ರೇಷ್ಮೆ ಬೆಳೆ ಹಾಳಾಗಿರುವುದರಿಂದ ದಯವಿಟ್ಟು ಕೈಬಿಡಬಾರದು.

ರೇಷ್ಮೆಯ ವಿಷಯ ಬಂದಾಗ ನನಗೆ ನಗು ತಡೆಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡೆ.

"ಏನಕ್ಕಾ?"

"ಉಳ ಸತ್ತಿಲ್ಲ ಟೀಚರ್."

"ಅವರೇ ಅಂದರಲ್ಲ."

"ಚೆನ್ನಾಗಿದ್ದಾವು ಅಂತ ಯಾರಾರ ಯೇಳ್ತಾರಾ? ಈ ಸಲ ಊರ್ಗೇ ಒಳ್ಳೆ ಬೆಳ ಅವರ್ದು. ನಾನೇ ಸೊಪ್ಪು ಕುಯ್ತೀನಲ್ಲ."

ಟೀಚರು ಪೆನ್ನು ಕೆಳಗಿಟ್ಟರು. "ಹಾಗಾದರೆ ಹುಡುಗಿ?"

"ಅವ್ಳೂ ಅಂಗೇಯ."

ಟೀಚರು ಆ ವಾರ ಬೇರೆ ಮನೆಗಳಲ್ಲಿ ಬರೆದುಕೊಂಡದ್ದನ್ನೆಲ್ಲ ಹೊರಗೆ ತೆಗೆದರು. ಒಬ್ಬನ ಅಪ್ಪ ಅವನು ಎಮ್ಮೆ ಕಾಯಲೂ ಲಾಯಕ್ಕಿಲ್ಲ ಎಂದಿದ್ದ. ಇನ್ನೊಬ್ಬಳ ತಾಯಿ ಅವಳಿಗೆ ತಲೆಯಲ್ಲಿ ಮಣ್ಣಿದೆ ಎಂದಿದ್ದಳು. "ಈ ಊರಿನಲ್ಲಿ ಒಂದಾದರೂ ಒಳ್ಳೆ ಮಗು ಇಲ್ಲವೇ ಎಂದು ನನಗೆ ಊಟ ಸೇರುತ್ತಿರಲಿಲ್ಲ ಅಕ್ಕಾ," ಎಂದರು. "ಕಣ್ಣು ಬೀಳುತ್ತದೆ ಅಂತ ನಮ್ಮ ಕಡೆಯೂ ಹೇಳುತ್ತಾರೆ. ಆದರೆ ಟೀಚರ ಮುಂದೆ ಕೂತರೆ ನಮ್ಮವರು ಮಗನನ್ನು ಕಲೆಕ್ಟರನ್ನೇ ಮಾಡಿಬಿಡುತ್ತಾರೆ." ಅದನ್ನು ಹೇಳಿ ಅವರೂ ನಕ್ಕರು. ನಾವಿಬ್ಬರೂ ನಗುವುದನ್ನು ಕೇಳಿ ನನ್ನ ಅತ್ತೆ ಒಳಗಿನಿಂದ, "ಏನವ್ವ, ಕಾಗ್ದದಲ್ ಅಂತಾದ್ದೇನ್ ಬರ್ದದ," ಎಂದರು.

ನಗು ನಿಂತ ಮೇಲೆ ಟೀಚರು, ನಿಮಗೆ ಗೊತ್ತಿದ್ದರೆ ಅಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು.

ಮಕ್ಕಳೇ, ಇದನ್ನು ನಿಮಗೆ ಬಿಡಿಸಿ ಹೇಳಬೇಕು. ನಮ್ಮಲ್ಲಿ ಯಾರೂ ತಮ್ಮ ಮಗುವನ್ನು ಹೊಗಳುತ್ತಿರಲಿಲ್ಲ, ಬೇರೆಯವರ ಮಗುವನ್ನಂತೂ ಇಲ್ಲವೇ ಇಲ್ಲ. ನಿಮ್ಮಪ್ಪ ಡಿಗ್ರಿ ಮುಗಿಸಿ ಬಂದ ದಿನ ನಾನು "ಏನೋ ಆಯ್ತಲ್ಲ" ಎಂದಷ್ಟೇ ಅಂದದ್ದನ್ನು ಅವನು ಇವತ್ತಿಗೂ ಹೇಳಿಕೊಂಡು ನಗುತ್ತಾನೆ. ಹೊಗಳುವುದು ಎಲ್ಲರಿಗೂ ಕಷ್ಟ. ಗಂಡ ಇಲ್ಲದವಳಿಗೆ ಇನ್ನೂ ಕಷ್ಟ. ಕುಂಕುಮವಿಲ್ಲದ ಹಣೆಯವಳು ಒಂದು ಮಗುವನ್ನು ನೋಡಿ ಚೆನ್ನಾಗಿದೆ ಎಂದರೆ ಆ ತಾಯಿಯ ಎದೆ ಝಲ್ಲೆನ್ನುತ್ತದೆ. ನಿಮ್ಮ ತಾತ ಹೋದ ಮರುವರ್ಷ ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡು ನಾನು ಮುದ್ದಾಗಿದೆ ಎಂದೆ. ಅದಕ್ಕೆ ಜ್ವರ ಬಂತು. ಎರಡೇ ದಿನದಲ್ಲಿ ವಾಸಿಯೂ ಆಯಿತು. ಯಾರೂ ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಆ ಕೂಸನ್ನು ಮತ್ತೆ ನಮ್ಮ ಜಗಲಿಗೆ ಕರೆತರಲಿಲ್ಲ. ಅಂದಿನಿಂದ ನಾನು ಯಾರ ಮಗುವಿನ ಬಗ್ಗೆಯೂ ಬಾಯಿಬಿಟ್ಟು ಒಳ್ಳೆಯದು ಹೇಳಿರಲಿಲ್ಲ.

ಇಷ್ಟನ್ನೂ ನಾನು ಟೀಚರಿಗೆ ಹೇಳಲಿಲ್ಲ. ಸ್ವಲ್ಪ ಹೇಳಿದೆ. ಉಳಿದದ್ದು ಅವರಿಗೆ ಅರ್ಥವಾಯಿತು. ಅವರು ಸಮಾಧಾನದ ಮಾತು ಆಡಲಿಲ್ಲ, ಅದಕ್ಕೇ ನನಗೆ ಅವರ ಮೇಲೆ ಗೌರವ ಹೆಚ್ಚು. "ಇಲ್ಲಿ ನಾನೊಬ್ಬಳೇ ಇದ್ದೇನೆ. ನನಗೆ ಹೇಳಿ," ಎಂದರು.

"ಒಳ್ಳೆ ಉಡ್ಗಿ ಟೀಚರ್."

"ಅದನ್ನು ಹೆಡ್ಮಾಸ್ಟರೂ ಬರೆಯುತ್ತಾರೆ. ನೀವು ಕಣ್ಣಾರೆ ಕಂಡದ್ದು ಹೇಳಿ. ಏನು ಮಾಡಿದಳು, ಯಾವಾಗ ಮಾಡಿದಳು, ಅಷ್ಟು ಸಾಕು. ಒಳ್ಳೆಯವಳೋ ಅಲ್ಲವೋ ಎಂದು ಓದಿದವರು ತಿಳಿದುಕೊಳ್ಳುತ್ತಾರೆ."

ಹಾಗೆ ಕೇಳುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ಹೊಗಳಬೇಕಾಗಿಲ್ಲ, ಕಂಡದ್ದನ್ನು ಹೇಳಿದರೆ ಸಾಕು ಎಂದಾಗ ನನ್ನ ಬಾಯಿಗೆ ಬಿಗಿದ ಕಟ್ಟು ಸ್ವಲ್ಪ ಸಡಿಲವಾಯಿತು. ಹಿಂದಿನ ವರ್ಷ ತಾಯಿ ಕೈ ಮುರಿದುಕೊಂಡು ಮಲಗಿದ್ದಾಗ ಒಂದು ಬೆಳೆ ಪೂರ್ತಿ ಈ ಹುಡುಗಿಯೇ ನೋಡಿಕೊಂಡದ್ದನ್ನು ಹೇಳಿದೆ. ಹುಳು ದೊಡ್ಡದಾಗುವಾಗ ಆಗಾಗ ಮೇವು ಬಿಟ್ಟು ತಲೆಯೆತ್ತಿ ಅಲುಗಾಡದೆ ಕೂರುತ್ತವೆ. ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತೇವೆ. ಆಗ ಸೊಪ್ಪು ಹಾಕಬಾರದು. ಎಲ್ಲವೂ ಎದ್ದ ಮೇಲೆ ಹಾಕಬೇಕು. ಆ ಹೊತ್ತನ್ನು ಗುರುತಿಸುವುದೇ ಕಷ್ಟ. ಅವಳ ಅಪ್ಪ ಅಷ್ಟು ವರ್ಷದ ಅನುಭವಸ್ಥರು, ಸೊಪ್ಪಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತು "ಎದ್ದವಾ ಅಮ್ಮಿ?" ಎಂದು ಮಗಳನ್ನು ಕೇಳಿ ಒಳಗೆ ಹೋಗುತ್ತಿದ್ದರು. ಇನ್ನೊಂದು, ತೋಟದ ಬದುವಿನ ಮೇಲೆ ಕೂತು ಸಣ್ಣ ಮಕ್ಕಳಿಗೆ ಸೊಪ್ಪಿನ ಕಡ್ಡಿಗಳಲ್ಲಿ ಭಾಗಾಕಾರ ತೋರಿಸುತ್ತಿದ್ದಳು. ಎಷ್ಟು ಸಲ ತಪ್ಪು ಮಾಡಿದರೂ ಗದರುತ್ತಿರಲಿಲ್ಲ, ಕಡ್ಡಿಗಳನ್ನು ಮತ್ತೆ ಕೂಡಿಸುತ್ತಿದ್ದಳು.

ಟೀಚರ ಮುಖ ಅರಳಿತು. ಆದರೆ ಅವರು ಪೆನ್ನು ಮುಟ್ಟಲಿಲ್ಲ.

"ಇದನ್ನು ಬರೆಯುತ್ತೇನೆ. ಆಮೇಲೆ ಕಾಲೇಜಿನವರು ಅಪ್ಪನನ್ನು ಕರೆಸಿ ಕೇಳುತ್ತಾರೆ. ಅವರು ಅಲ್ಲೂ ಒಂದು ಲೋಟ ನೀರು ಕೊಡಲು ಬರುವುದಿಲ್ಲ ಎಂದರೆ? ನನ್ನ ಕಾಗದ ಸುಳ್ಳಾಗುತ್ತದೆ, ಹುಡುಗಿಯ ಜಾಗವೂ ಹೋಗುತ್ತದೆ. ಅವರ ಬಾಯಿಂದಲೇ ಬರಬೇಕು ಅಕ್ಕಾ."

ಅವರು ಹೇಳಿದ್ದು ಸರಿ. ಆ ಮನುಷ್ಯ ಮೈಸೂರಿನಲ್ಲೂ ಹಾಗೆಯೇ ಹೇಳುತ್ತಿದ್ದರು, ಅದರಲ್ಲಿ ಅನುಮಾನವೇ ಇರಲಿಲ್ಲ.

ಮರುದಿನ ಸೊಪ್ಪು ಕುಯ್ಯುವಾಗ ಹುಡುಗಿಯ ತಾಯಿಯ ಪಕ್ಕದ ಸಾಲು ಹಿಡಿದೆ. ಮಾತು ಶುರು ಮಾಡುವಷ್ಟರಲ್ಲಿ ಅರ್ಧ ಸಾಲು ಮುಗಿದಿತ್ತು.

"ಅಕ್ಕ, ನಿಮ್ಮನೇವ್ರು ನೀರ್ ಕೊಡಕ್ ಬರದಿಲ್ಲ ಅಂದ್ರಲ್ಲ, ಟೀಚರು ಅದ್ನೇ ಬರ್ಕಂಡವ್ರ."

ಆಕೆಯ ಕೈ ನಿಂತಿತು. "ಬರ್ಕಂಡ್ರಾ? ಅಂಗಂದ್ರ ಅಂಗೇ ಬರ್ಕಳದಾ? ಅಷ್ಟ್ ಓದವ್ರ, ಗೊತ್ತಾಗದಿಲ್ವಾ?"

"ಅವ್ರ ಕಡ ಅಂಗಲ್ವಂತ. ನೀವು ಚೆನ್ನಾಗ್ ಯೇಳ್ಬೇಕು. ಇಲ್ದಿದ್ರ ಜಾಗ ಸಿಕ್ಕದಿಲ್ಲ."

"ನಾನೆಂಗವ್ವ ನನ್ ಬಾಯಲ್ಲಿ ಅನ್ನದು, ಅದೂ ಉಳ ಅಣ್ಣಾಗ ಒತ್ನಲ್ಲಿ." ಹುಳು ಹಣ್ಣಾಗುವುದು ಎಂದರೆ ಗೂಡು ಕಟ್ಟಲು ಸಿದ್ಧವಾಗುವುದು. ಆ ದಿನಗಳಲ್ಲಿ ಮನೆಯವರು ಕೆಮ್ಮಲೂ ಹೆದರುತ್ತಾರೆ. "ನಮ್ಮನೇವ್ರಂತೂ ಸತ್ರೂ ಅನ್ನದಿಲ್ಲ."

ಮತ್ತೆ ಸ್ವಲ್ಪ ಹೊತ್ತು ಇಬ್ಬರೂ ಸೊಪ್ಪು ಕುಯ್ದೆವು. ಆಮೇಲೆ ಆಕೆಯೇ, "ನೀನ್ ಯೇಳ್ಬುಡು. ನೀನ್ ನೋಡಿದ್ದೀಯಲ್ಲ. ನಾವು ಊಂ ಅಂತೀವಿ," ಎಂದರು.

"ನಾನಾ?"

"ನೀನೇ ಕಣವ್ವ."

"ನಾನ್ ಯೇಳುದ್ರ ಬ್ಯಾರೆ ಆಗ್ಬುಡ್ತದ ಅಕ್ಕ. ನಿಮ್ಗೇ ಗೊತ್ತಲ್ಲ." ಅದನ್ನು ಹೇಳುವಾಗ ನಾನು ಅವರ ಮುಖ ನೋಡಲಿಲ್ಲ.

ಅವರು ಕುಯ್ದ ಸೊಪ್ಪನ್ನು ಬುಟ್ಟಿಗೆ ಒತ್ತಿದರು. "ಎಷ್ಟ್ ವರ್ಸದಿಂದ ನನ್ ಸೊಪ್ಪು ಕುಯ್ತಿದ್ದೀಯ. ನಿನ್ ಕಣ್ ತಾಕಂಗಿದ್ರ ಈ ಗಿಡ ಇಷ್ಟೊತ್ಗ ಒಣಗೋಗ್ಬೇಕಿತ್ತು. ಸುಮ್ನ ಬಾ ಸಾಯಂಕಾಲ."

ಸಂಜೆ ಟೀಚರೂ ನಾನೂ ಮತ್ತೆ ಹೋದೆವು. ಅದೇ ಜಗಲಿ, ಅದೇ ಚಾಪೆ. ಹುಡುಗಿಯ ಅಪ್ಪ ಕಂಬಕ್ಕೆ ಒರಗಿ ಹೆಂಚು ಎಣಿಸುವವರ ಹಾಗೆ ಮೇಲೆ ನೋಡುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡೇ ಶುರು ಮಾಡಿದೆ. ಕೈ ಮುರಿದ ಸಮಯ, ಜ್ವರಕ್ಕೆ ಕೂತ ಹುಳು, ಭಾಗಾಕಾರ. ಒಂದೊಂದು ಹೇಳಿ ನಿಲ್ಲಿಸುತ್ತಿದ್ದೆ. ಬಾಗಿಲ ಹಿಂದಿನಿಂದ ತಾಯಿ ಊಂ ಎನ್ನುತ್ತಿದ್ದರು. ಹುಡುಗಿ ಅಲ್ಲೇ ಅವರ ಹಿಂದೆ ನಿಂತಿರುವುದು ನನಗೆ ಗೊತ್ತಿತ್ತು.

"ನೀವು ಅವಳನ್ನು ಕೇಳಿ ಸೊಪ್ಪು ಹಾಕುತ್ತಿದ್ದದ್ದು ನಿಜವೇ?" ಎಂದು ಟೀಚರು ಅಪ್ಪನನ್ನು ಕೇಳಿದರು.

"ಏನೋ, ಒಂದೊಂದ್ಸಲ ಬಾಯ್ತಪ್ಪಿ ಕೇಳಿರ್ಬೋದು."

"ಊಂ ಅನ್ನಿ ಅಂದ್ರ," ಎಂದರು ತಾಯಿ.

"ಊಂ," ಎಂದರು ಅವರು ಹೆಂಚು ನೋಡುತ್ತಲೇ.

"ಮೈಸೂರಿನಲ್ಲಿ ಕೇಳಿದರೂ ಇದನ್ನೇ ಹೇಳಬೇಕು. ನೀರಿನ ಲೋಟದ ವಿಷಯ ಎತ್ತಬಾರದು," ಎಂದರು ಟೀಚರು. ಹುಡುಗಿಯ ಅಪ್ಪನಿಗೆ ನಗು ಬಂತು, ಆದರೆ ತಡೆದುಕೊಂಡರು. "ಊಂ ಅನ್ನದಷ್ಟೇ ತಾನೇ, ಅಂತೀನಿ," ಎಂದರು.

ನಾವು ಏಳುವಷ್ಟರಲ್ಲಿ ತಾಯಿ ಉಪ್ಪು, ಒಣಮೆಣಸಿನಕಾಯಿ, ಪೊರಕೆಯ ಕಡ್ಡಿ ಹಿಡಿದುಕೊಂಡು ಬಂದರು. ದೃಷ್ಟಿ ತೆಗೆಯುವುದಕ್ಕೆ. ಇಷ್ಟೆಲ್ಲ ಹೇಳಿಸಿದ ಮೇಲೂ ನನ್ನ ಕಣ್ಣನ್ನು ತೆಗೆಯಲೇಬೇಕಲ್ಲ ಎಂದುಕೊಂಡು ಚಪ್ಪಲಿ ಮೆಟ್ಟಿಕೊಳ್ಳಲು ಹೋದೆ. ಆಕೆ ಮಗಳನ್ನು ಹೊಸಿಲಿನ ಒಳಗೆ ಕೂರಿಸಿ, ನನ್ನ ಕಡೆ ತಿರುಗಿ, "ನೀನೆಲ್ಲಿಗ ಓಯ್ತೀಯೆ, ಬಾ ಇಲ್ಲಿ, ಇವಳ ಪಕ್ಕ ಕೂತ್ಕೋ," ಎಂದರು.

"ನನ್ಗ್ಯಾಕ ಅಕ್ಕ?"

"ಊರಿಗ್ ಊರೇ ಬಾಯ್ಮುಚ್ಕಂಡ್ ಕೂತಿರೋ ಕಡ ನೀನ್ ಇಷ್ಟೊಂದ್ ಚೆನ್ನಾಗ್ ಮಾತಾಡ್ಬುಟ್ಟಿದ್ದೀಯ. ನಿನ್ಗೂ ಯಾರ್ದಾರ ಕಣ್ ಬೀಳದಿಲ್ವಾ?"

ನಾನು ಹುಡುಗಿಯ ಪಕ್ಕದಲ್ಲಿ ಕೂತೆ. ಆಕೆ ನಮ್ಮಿಬ್ಬರ ತಲೆಯ ಸುತ್ತ ಒಟ್ಟಿಗೇ ಕೈ ಸುತ್ತಿಸಿ, ಎಲ್ಲವನ್ನೂ ಒಲೆಗೆ ಹಾಕಿದರು. ನಿಜವಾಗಿ ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎನ್ನುತ್ತಾರೆ. ಆ ದಿನ ಎಂಥ ಘಾಟು ಬಂತೆಂದರೆ ಟೀಚರು ಕೆಮ್ಮುತ್ತಾ ಅಂಗಳಕ್ಕೆ ಓಡಿದರು. "ಯಾರ ಕಣ್ಣೂ ಇರ್ಲಿಲ್ಲ ಬುಡು, ಮೆಣಸಿನಕಾಯ್ ದಂಡ," ಎಂದರು ಹುಡುಗಿಯ ಅಪ್ಪ, ಕಣ್ಣು ಒರೆಸಿಕೊಳ್ಳುತ್ತಾ. ನಾನೂ ಕಣ್ಣು ಒರೆಸಿಕೊಂಡೆ. ಘಾಟು ಇದ್ದದ್ದು ಒಳ್ಳೆಯದಾಯಿತು.

ಆಮೇಲಿನದು ಹೆಚ್ಚಿಲ್ಲ. ಕಾಗದ ಹೋಯಿತು. ಮೈಸೂರಿನಿಂದ ಕರೆ ಬಂತು. ಅಪ್ಪ ಮಗಳು ಬಸ್ಸು ಹತ್ತಿ ಹೋದರು. ವಾಪಸು ಬಂದ ಸಂಜೆ ಅಪ್ಪ ನೇರವಾಗಿ ನಮ್ಮ ಮನೆಯ ಹತ್ತಿರವೇ ಬಂದರು. ಅಲ್ಲಿದ್ದ ದೊಡ್ಡ ಮೇಡಂ ಕಾಗದ ಓದಿ, ಇದೆಲ್ಲ ನಿಜವೇ ಎಂದು ಕೇಳಿದರಂತೆ. ಇವರು ಊಂ ಎಂದರಂತೆ. ಬೇರೆ ಏನಾದರೂ ಹೇಳುವುದಿದೆಯೇ ಎಂದರಂತೆ. "ನಂಗ್ ಬಾಯ್ ತಡೀನಿಲ್ಲ ಟೀಚರ್," ಎಂದರು ಅವರು ತಪ್ಪು ಮಾಡಿದವರ ಹಾಗೆ. ಟೀಚರು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. "ಇವ್ಳ್ ಇಲ್ಲಿಗ್ ಬಂದ್ರ ನಮ್ಮನೆ ಉಳನ ಯಾರ್ ನೋಡ್ಕಳದು ಅಂದ್ಬುಟ್ಟಿ."

ಮೇಡಂ ನಕ್ಕು ಅಲ್ಲೇ ಜಾಗ ಕೊಟ್ಟರಂತೆ.

ಮುಂದಿನ ಬೇಸಿಗೆ ಬರುವ ಹೊತ್ತಿಗೆ ಸುತ್ತಲಿನ ಊರುಗಳಿಗೆಲ್ಲ ಈ ಸುದ್ದಿ ಹಬ್ಬಿತ್ತು. ತಂದೆತಾಯಿಗಳು ನಮ್ಮ ಜಗಲಿಗೇ ಬರತೊಡಗಿದರು. "ನೀನ್ ಯೇಳವ್ವ, ನಾವ್ ಊಂ ಅಂತೀವಿ," ಎನ್ನುತ್ತಿದ್ದರು. ಮೊದಲು ನಾನು ಆ ಮಕ್ಕಳನ್ನು ಗಮನಿಸಿ ನೋಡಬೇಕಿತ್ತು. ಹೊಲದಲ್ಲಿ, ಬಾವಿಯ ಹತ್ತಿರ, ಸಂತೆಯಲ್ಲಿ ನೋಡುತ್ತಿದ್ದೆ. ಕಾಣದ್ದನ್ನು ಹೇಳುತ್ತಿರಲಿಲ್ಲ. ಟೀಚರು ಕೊರತೆಗಳನ್ನೂ ಕೇಳುತ್ತಿದ್ದರು. ಅದಕ್ಕೆ ತಂದೆತಾಯಿಗಳು ಇದ್ದೇ ಇದ್ದರು, ಸಾಕು ಎನ್ನುವವರೆಗೂ ಹೇಳುತ್ತಿದ್ದರು. ಎಲ್ಲ ಮಕ್ಕಳಿಗೂ ಜಾಗ ಸಿಕ್ಕಲಿಲ್ಲ. ಸಿಕ್ಕದಿದ್ದಾಗ ಟೀಚರು ಎರಡು ದಿನ ಕಾಫಿಯನ್ನೂ ಕುಡಿಯುತ್ತಿರಲಿಲ್ಲ. ಪಕ್ಕದ ಮನೆಯ ಆ ಕೂಸು ಬೆಳೆದು ಹತ್ತನೆಯ ಕ್ಲಾಸು ಮುಗಿಸಿದಾಗ ಅದರ ತಾಯಿಯೂ ಬಂದು ಜಗಲಿಯ ಮೇಲೆ ಕೂತರು. ಹಳೆಯ ಮಾತು ಇಬ್ಬರೂ ಎತ್ತಲಿಲ್ಲ. ಅಷ್ಟು ಹೊತ್ತಿಗೆ ಟೀಚರಿಗೆ ವರ್ಗವಾಗುವ ಕಾಲ ಬಂದಿತ್ತು. ಅವರು ನಮ್ಮ ಮನೆಯಲ್ಲಿ ಕೂತು ಬರೆದ ಕೊನೆಯ ಕಾಗದ ಅದು.

ಮೈಸೂರಿಗೆ ಹೋದ ಹುಡುಗಿ ಓದು ಮುಗಿಸಿ ತಾನೂ ಟೀಚರಾದಳು. ಈಗ ಅವಳಿಗೂ ಮೊಮ್ಮಕ್ಕಳಿದ್ದಾರೆ. ಅವಳ ತಾಯಿ ಇಲ್ಲ, ನಮ್ಮ ಟೀಚರೂ ಇಲ್ಲ. ಒಬ್ಬರು ನೀವು ಕಂಡದ್ದನ್ನು ಹೇಳಿ ಎಂದರು, ಇನ್ನೊಬ್ಬರು ನನ್ನನ್ನು ತಮ್ಮ ಮಗಳ ಪಕ್ಕದಲ್ಲೇ ಕೂರಿಸಿದರು. ಅವರಿಗೆ ನಾನು ಎದುರಿಗೆ ಏನೂ ಹೇಳಲಿಲ್ಲ. ಹೇಳುವ ಅಭ್ಯಾಸ ನಮ್ಮಲ್ಲಿಲ್ಲ. ಅವರ ಬಗ್ಗೆ ಬರೆದದ್ದು ಇಷ್ಟೇ ಇರುವುದು. ಆದ್ದರಿಂದ ಈ ಹಾಳೆಗಳನ್ನು ಕಳೆಯಬೇಡಿ ಮಕ್ಕಳೇ. ಓದಿದ ಮೇಲೆ ಮಡಿಸಿ, ನೀರು ತಾಗದ ಕಡೆ, ಇಲಿಗೆ ಸಿಗದ ಹಾಗೆ ಎತ್ತಿಡಿ.